ಒಂಬತ್ತು ಕಿಲೋ ಮರಳು

ಬೆನ್ನಿನ ಚೀಲದ ಭಾರ ಭುಜದ ಮೇಲಲ್ಲ, ಸೊಂಟದ ಮೇಲೆ ಕೂರಬೇಕು ಎಂದು ಆ ಅಂಗಡಿಯ ಹುಡುಗಿ ನಮಗೆ ಪಾಠ ಹೇಳಲು ಶುರುಮಾಡಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷ ಅಂಥ ಚೀಲಗಳಿಗೆ ಬಟ್ಟೆ ಕತ್ತರಿಸಿದವಳು ನಾನು. ನನ್ನ ಪಕ್ಕದಲ್ಲಿ ನಿಂತಿದ್ದ ಅಕ್ಕ ಅವುಗಳ ಪಟ್ಟಿ ಹೊಲಿದವಳು. ಈ ಹುಡುಗಿ ಹುಟ್ಟುವುದಕ್ಕೆ ಮೊದಲೇ ಅಕ್ಕ ಹೊಲಿದ ಪಟ್ಟಿಯನ್ನು ಹೆಗಲಿಗೇರಿಸಿಕೊಂಡು ಜನ ಎಷ್ಟೋ ಬೆಟ್ಟ ಹತ್ತಿ ಇಳಿದಿದ್ದರು.

"ಕತ್ತಿನ ಕೆಳಗೆ ಈ ಉಬ್ಬಿದ ಮೂಳೆ ಇದೆಯಲ್ಲ ಅಮ್ಮ, ಇಲ್ಲಿಂದ ಸೊಂಟದ ಮೂಳೆವರೆಗೆ ಅಳತೆ ತಗೋಬೇಕು," ಎಂದಳು ಹುಡುಗಿ.

"ಹೌದಾ? ನಮಗೆ ಗೊತ್ತೇ ಇರ್ಲಿಲ್ಲ ನೋಡು," ಎಂದೆ.

ಅಕ್ಕ ನನ್ನ ತೋಳು ಚಿವುಟಿದಳು. "ಸುಮ್ನಿರೇ. ಪಾಪ, ಅವಳ ಕೆಲಸ ಅವಳು ಮಾಡ್ತಿದಾಳೆ."

ಅದು ಆಟೋಟದ, ಬೆಟ್ಟ ಹತ್ತುವ ಸಾಮಾನಿನ ದೊಡ್ಡ ಅಂಗಡಿ. ಒಂದು ಮೂಲೆಯಲ್ಲಿ ಹತ್ತಿ ಆಡಲು ಕಟ್ಟಿದ ಸುಳ್ಳು ಬಂಡೆಯ ಗೋಡೆ, ಅದಕ್ಕೆ ಜೋತುಬಿದ್ದ ಇಬ್ಬರು ಮಕ್ಕಳು, ಕೆಳಗೆ ನಿಂತು ಹೆದರುತ್ತಿದ್ದ ಅವರ ಅಪ್ಪ. ಬ್ಯಾಗುಗಳನ್ನು ಗೋಡೆಯುದ್ದಕ್ಕೂ ನೇತುಹಾಕಿದ್ದರು. ಬೇರೆಯವರು ಬಣ್ಣ ನೋಡುತ್ತಾರೆ, ಎಷ್ಟು ಜೇಬು ಎಂದು ಎಣಿಸುತ್ತಾರೆ. ಅಕ್ಕ ಒಂದೊಂದನ್ನೂ ತಿರುಗಿಸಿ, ಪಟ್ಟಿ ಬೆನ್ನಿಗೆ ಸೇರುವ ಜಾಗದ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ, ಮೂಗು ಮುರಿದು ಮುಂದಿನದಕ್ಕೆ ಹೋಗುತ್ತಿದ್ದಳು. ನನಗೆ ಹೊಟ್ಟೆ ತುಂಬ ನಗು ಬಂತು. ಮೇಸ್ತ್ರಿಯ ಕಾರ್ಖಾನೆಯಲ್ಲೂ ಅವಳು ಹೀಗೇ. ಬೇರೆಯವರು ಹೊಲಿದದ್ದು ಅವಳಿಗೆ ಯಾವತ್ತೂ ಸರಿ ಕಂಡದ್ದಿಲ್ಲ.

ಕಾರ್ಖಾನೆಯ ಯಜಮಾನನನ್ನೇ ನಾವು ಮೇಸ್ತ್ರಿ ಎನ್ನುತ್ತಿದ್ದೆವು, ಅವನ ಬಗ್ಗೆ ಹೇಳಲೇಬೇಕು. ಎರಡು ಮಹಡಿಯ ಕಟ್ಟಡ, ಕೆಳಗೆ ಸಾಲಾಗಿ ಹೊಲಿಗೆ ಮಷಿನು, ಮೇಲೆ ನಾನು ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಬೆಟ್ಟ ಹತ್ತುವವರಿಗೆ, ಆಟಗಾರರಿಗೆ ಬ್ಯಾಗು ಮಾಡುತ್ತಿದ್ದೆವು. ಕೆಲಸ ಮಾಡುತ್ತಿದ್ದವರೆಲ್ಲ ಹೆಂಗಸರೇ, ಮೇಸ್ತ್ರಿಯೊಬ್ಬನೇ ಗಂಡಸು. ಕುಳ್ಳ, ಸಿಡುಕ, ದಿನವಿಡೀ ವಟವಟ. ಆದರೆ ಅವನದೊಂದು ಕಟ್ಟಳೆ ಇತ್ತು, ಅಂಥದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ: ಹೊಲಿದವರೇ ಹೊರಬೇಕು. ಹೊಸ ಮಾದರಿಯ ಬ್ಯಾಗು ಪೇಟೆಗೆ ಹೋಗುವ ಮೊದಲು ಹೊಲಿದ ಹೆಂಗಸರೇ ಅದರಲ್ಲಿ ಒಂಬತ್ತು ಕಿಲೋ ತುಂಬಿಕೊಂಡು ನಾಲ್ಕು ದಿನ ಬೆಟ್ಟ ಅಲೆಯಬೇಕು. ಸಂಜೆ ಡೇರೆಯೊಳಗೆ ಒಬ್ಬರ ಭುಜ ಒಬ್ಬರು ನೋಡಿ, ಎಲ್ಲಿ ಕೆಂಪಾಗಿದೆ, ಎಲ್ಲಿ ಬೊಬ್ಬೆ ಎದ್ದಿದೆ ಎಂದು ಕಾಗದದ ಮೇಲೆ ಬರೆದು ಮೇಸ್ತ್ರಿಗೆ ಕೊಡಬೇಕು. ಅವನು ದೂರದಲ್ಲಿ ಇನ್ನೊಂದು ಡೇರೆಯಲ್ಲಿ ಕೂತು ಆ ಕಾಗದ ಓದಿ, "ಅಯ್ಯೋ, ಕೆಟ್ಟೆ," ಎಂದು ತಲೆ ಚಚ್ಚಿಕೊಳ್ಳುತ್ತಿದ್ದ.

ಮೊದಲ ಸಲ ಹೋದಾಗ ಅಕ್ಕನಿಗೆ ಇಪ್ಪತ್ತಾರು, ನನಗೆ ಇಪ್ಪತ್ತೆರಡು. ಮನೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗಿದವರಲ್ಲ. ಎರಡನೇ ದಿನ ಅಕ್ಕ ದಾರಿಯ ಮಧ್ಯೆ ಕೂತು, ತಾನೇ ಹೊಲಿದ ಪಟ್ಟಿಯನ್ನು ಬ್ಲೇಡಿನಿಂದ ಪರಪರ ಬಿಚ್ಚಿ, ಒಂದು ಬೆರಳಿನಷ್ಟು ಆಚೆಗೆ ಹಿಡಿದು ಕೈಯಿಂದಲೇ ಹೊಲಿದಳು. ಮೇಸ್ತ್ರಿ ಓಡಿಬಂದು ಕೂಗಾಡಿದ. ಆಮೇಲೆ ತಾನೇ ಆ ಬ್ಯಾಗು ಹಾಕಿಕೊಂಡು ಹತ್ತು ಹೆಜ್ಜೆ ನಡೆದು, ಬಾಯಿ ಮುಚ್ಚಿಕೊಂಡು ಹೋದ. ಅವತ್ತಿನಿಂದ ಎಲ್ಲರೂ ಅವಳನ್ನು ಪಟ್ಟಿಯಕ್ಕ ಎಂದರು. ನನ್ನನ್ನು ಕತ್ತರಿ ಎಂದರು. ಕೆಲಸ ನೋಡಿ ಇಟ್ಟ ಹೆಸರು ಅಂತ ನಾನು, ಬಾಯಿ ನೋಡಿ ಅಂತ ಅವರು.

ಆ ದಿನಗಳನ್ನು ನೆನೆದರೆ ಈಗಲೂ ಎದೆ ತುಂಬಿಬರುತ್ತದೆ. ಕಾರ್ಖಾನೆ ಮುಚ್ಚಿ ಹದಿನೈದು ವರ್ಷವಾಯಿತು. ಮೇಸ್ತ್ರಿ ಹೋಗಿಬಿಟ್ಟ. ಆದರೆ ನಾವು ಏಳು ಜನ ಹೆಂಗಸರು ಪ್ರತಿ ವರ್ಷ ನಾಲ್ಕು ದಿನ ಬೆಟ್ಟಕ್ಕೆ ಹೋಗುವುದನ್ನು ಬಿಡಲಿಲ್ಲ. ಪರೀಕ್ಷೆ ಮಾಡಲು ಹೊಸ ಬ್ಯಾಗೇ ಇಲ್ಲ, ಆದರೂ ಹೋಗುತ್ತೇವೆ. ಅದೇ ಹಳೆಯ ಬ್ಯಾಗು, ಅದೇ ಒಂಬತ್ತು ಕಿಲೋ, ಅವರವರ ಚೀಲ ಅವರವರ ಬೆನ್ನ ಮೇಲೆ. ಹೊರಲಾರದವರು ಬರುವ ಹಾಗಿಲ್ಲ. ಹಾಗೆ ಮೊದಲು ಹತ್ತು ಜನ ಇದ್ದವರು ಏಳಕ್ಕೆ ಇಳಿದಿದ್ದೆವು.

ಹೋದ ವರ್ಷ ಅಕ್ಕ ಬರಲಿಲ್ಲ. ಅವಳ ಎಡಗಡೆಯ ಎದೆಯನ್ನು ತೆಗೆದಿದ್ದರು, ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು. ಆಮೇಲೆ ಆರು ತಿಂಗಳು ಔಷಧಿ. ತಲೆಗೂದಲು ಈಗಷ್ಟೇ ಗಿಡ್ಡಗೆ ಚಿಗುರಿ, ಸ್ಕೂಲಿಗೆ ಹೋಗುವ ಹುಡುಗನ ಹಾಗೆ ಕಾಣುತ್ತಿದ್ದಳು. ಈ ವರ್ಷದ ನಡಿಗೆಗೆ ಇನ್ನು ಮೂರು ವಾರವಿದೆ ಎನ್ನುವಾಗ ತನ್ನ ಹಳೆಯ ಬ್ಯಾಗನ್ನು ಹಾಕಿ ನೋಡಿದ್ದಾಳೆ. ತಾನೇ ಹೊಲಿದ ಪಟ್ಟಿ ಕಂಕುಳಿನ ಗಾಯದ ಮೇಲೇ ಕೂತಿದೆ. ನನಗೆ ಫೋನು ಮಾಡಿ, "ಒಂದು ಬ್ಯಾಗು ಕೊಳ್ಳೋಣ ಬಾ. ಈ ಸಲ ಹೋಗಕ್ಕಾಗಲಿಲ್ಲ ಅಂದ್ರೆ ಇನ್ನು ನಾನು ಹೋಗಲ್ಲ ಕಣೇ, ನನ್ನ ಹೆಸರು ತೆಗೆದುಬಿಡಿ," ಎಂದಳು. ಅವಳ ದನಿ ಕೇಳಿ ನನಗೆ ಭಯವಾಯಿತು. ಹುಡುಗಾಟಕ್ಕೆ ಹಾಗೆ ಹೇಳುವವಳಲ್ಲ ಅವಳು.

ಡಾಕ್ಟರು ಬೇಡ ಎಂದಿರಲಿಲ್ಲ. ಸೊಂಟದ ಮೇಲೆ ಭಾರ ಹೊತ್ತು ನಿಧಾನಕ್ಕೆ ಅಭ್ಯಾಸ ಮಾಡಿ, ತೋಳು ಊದಿದರೆ ನಿಲ್ಲಿಸಿ ಎಂದಿದ್ದರು. ಬೇಡವೇ ಬೇಡ ಎಂದವಳು ಅಕ್ಕನ ಮಗಳು. ನನ್ನನ್ನು ಅಡುಗೆಮನೆಗೆ ಕರೆದು, "ಚಿಕ್ಕಮ್ಮ, ನೀವೇ ಏನಾದ್ರೂ ಮಾಡಿ ಅಮ್ಮನ್ನ ತಪ್ಪಿಸಿ," ಎಂದು ಕಣ್ಣೀರು ಹಾಕಿದ್ದಳು. ಇತ್ತ ಅಕ್ಕ, ಅತ್ತ ಅವಳ ಮಗಳು. ನನ್ನ ಪಾಡು ಯಾರಿಗೂ ಬೇಡ.

ಅಂಗಡಿಯ ಹುಡುಗಿ ಅಕ್ಕನ ಬೆನ್ನಿಗೆ ಮೂರು ಬ್ಯಾಗು ಹಾಕಿ ತೆಗೆದಳು. ನಾಲ್ಕನೆಯದಕ್ಕೆ ಕೈಹಾಕಿದವಳು ಯಾಕೋ ನಿಂತು, ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ, "ಎಡಗಡೆ ಪಟ್ಟಿ ಬಂದಾಗೆಲ್ಲ ನೀವು ಉಸಿರು ಹಿಡಿತೀರಿ ಅಮ್ಮ. ಎಲ್ಲಿ ನೋವು?" ಎಂದು ಮೆಲ್ಲಗೆ ಕೇಳಿದಳು.

ಅಕ್ಕ ಹೇಳಿದಳು. ಹವಾಮಾನದ ಸುದ್ದಿ ಹೇಳಿದಷ್ಟು ಸಲೀಸಾಗಿ. ಎಡಗಡೆ ಎದೆ ಇಲ್ಲ, ಕಂಕುಳಲ್ಲಿ ಜೋಮು, ಕೊರಳೆಲುಬಿನ ಕೆಳಗೆ ಮುಟ್ಟಿದರೆ ಉರಿ, ಬೆಳಿಗ್ಗೆ ಎದ್ದ ಕೂಡಲೇ ಕೈ ಕಲ್ಲಿನ ಹಾಗೆ. ನಾನು ಅಲ್ಲೇ ನಿಂತು ಕೇಳಿಸಿಕೊಂಡೆ. ಆ ಒಂದು ವರ್ಷದಲ್ಲಿ ದಿನ ಬಿಟ್ಟು ದಿನ ಅವಳ ಮನೆಗೆ ಹೋಗಿದ್ದೇನೆ, ತಲೆ ಒರೆಸಿದ್ದೇನೆ, ವಾಂತಿ ಬಳಿದಿದ್ದೇನೆ. ಇದರಲ್ಲಿ ಒಂದು ಮಾತನ್ನೂ ಅವಳು ನನಗೆ ಹೇಳಿರಲಿಲ್ಲ. ಕೇಳಿದಾಗೆಲ್ಲ, "ಚೆನ್ನಾಗಿದೀನಿ ಬಿಡೇ," ಎನ್ನುತ್ತಿದ್ದಳು. ನಾನೂ, "ಹೌದೌದು, ಮುಖದಲ್ಲಿ ಕಳೆ ಬಂದಿದೆ," ಎನ್ನುತ್ತಿದ್ದೆ. ಯಾರೋ ಗುರುತಿಲ್ಲದ ಹುಡುಗಿಗೆ ಹೇಳಿದ್ದು ತಂಗಿಗೆ ಹೇಳಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಂಕಟವಾಯಿತು.

ಹುಡುಗಿ ಒಳಗೆ ಹೋಗಿ ಬೂದು ಬಣ್ಣದ ಒಂದು ಬ್ಯಾಗು ತಂದಳು. ಪಟ್ಟಿಗಳು ಕತ್ತಿನ ಹತ್ತಿರದಿಂದ ಬಾಗಿ, ಎದೆಯ ನಡುಮಧ್ಯೆ ಇಳಿದು, ಕಂಕುಳನ್ನು ಮುಟ್ಟದೆ ಹಿಂದಕ್ಕೆ ಹೋಗುತ್ತಿದ್ದವು. ಸೊಂಟದ ಪಟ್ಟಿ ಅಂಗೈ ಅಗಲ. ಅಕ್ಕ ಅದನ್ನು ಹಾಕಿಕೊಂಡು ಅಂಗಡಿಯುದ್ದಕ್ಕೂ ನಡೆದಳು, ಬಗ್ಗಿದಳು, ಎದ್ದಳು. ಆಮೇಲೆ ಬಿಚ್ಚಿ, ತಿರುಗಿಸಿ ಹೊಲಿಗೆ ನೋಡಿದಳು.

"ಪರವಾಗಿಲ್ಲ. ಹೊಲಿದೋಳಿಗೆ ಕೈ ಇದೆ," ಎಂದಳು. ಅವಳ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು.

"ಖಾಲಿ ಬ್ಯಾಗು ಎಲ್ಲರಿಗೂ ಹಿತವಾಗೇ ಇರುತ್ತೆ ಅಮ್ಮ," ಎಂದಳು ಹುಡುಗಿ. "ಮನೇಲಿ ನಿಜವಾದ ತೂಕ ತುಂಬಿಸಿ ಮೆಟ್ಟಿಲು ಹತ್ತಿ ಇಳೀರಿ. ಸರಿ ಹೋಗ್ಲಿಲ್ಲ ಅಂದ್ರೆ ಎರಡು ವಾರದೊಳಗೆ ವಾಪಸ್ ತನ್ನಿ." ಆಗ ಮಾತ್ರ ನನಗೆ ಆ ಹುಡುಗಿಯ ಮೇಲಿದ್ದ ಸಿಟ್ಟು ಇಳಿಯಿತು. ಮೇಸ್ತ್ರಿ ಇದ್ದಿದ್ದರೆ ಅವಳನ್ನು ಅವತ್ತೇ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದ.

ನಿಜವಾದ ತೂಕ ನನ್ನ ಮನೆಯಲ್ಲೇ ಇತ್ತು. ಕಾರ್ಖಾನೆ ಮುಚ್ಚಿದಾಗ ಒಬ್ಬೊಬ್ಬರು ಒಂದೊಂದು ಹೊತ್ತೊಯ್ದರು. ನಾನು ತಂದದ್ದು ಬ್ಯಾಗಿಗೆ ತುಂಬುತ್ತಿದ್ದ ಮರಳಿನ ಗಂಟುಗಳನ್ನು. ದಪ್ಪ ಬಟ್ಟೆಯ ಪುಟ್ಟ ಮೂಟೆಗಳು, ಬಾಯಿ ಹೊಲಿದು ಮುಚ್ಚಿದವು, ಮೇಲೆ ಕೆಂಪು ದಾರದ ಗೆರೆ. ಒಂದು ಗೆರೆ ಎಂದರೆ ಒಂದು ಕಿಲೋ, ಮೂರು ಗೆರೆ ಎಂದರೆ ಮೂರು. ಮೂರು ಗೆರೆಯವು ಮೂರು ಇಟ್ಟರೆ ಒಂಬತ್ತು. ಆ ಗೆರೆಗಳನ್ನೆಲ್ಲ ಹಾಕಿದವಳು ಅಕ್ಕನೇ.

ಆ ವಾರ ನಾನು ಮಾಡಿದ ಘನಂದಾರಿ ಕೆಲಸವನ್ನು ಹೇಳಿಬಿಡುತ್ತೇನೆ. ಒಂಬತ್ತು ಕಿಲೋ ಅವಳಿಂದ ಆಗುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಆಗದೆ ಹೋದರೆ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಹಳೆಯ ಗಂಟು ಬಿಚ್ಚಿ ಮರಳು ತೆಗೆದರೆ ಅವಳ ಹೊಲಿಗೆ ಹೋಗಿ ಸಿಕ್ಕಿಬೀಳುತ್ತೇನೆ. ಅದಕ್ಕೆ ಕಪಾಟಿನ ತಳದಲ್ಲಿದ್ದ ಅದೇ ಹಳೆಯ ಬಟ್ಟೆಯಲ್ಲಿ ಮೂರು ಹೊಸ ಗಂಟು ಹೊಲಿದೆ. ಒಂದೊಂದರಲ್ಲೂ ಎರಡೇ ಕಿಲೋ ಮರಳು, ಉಬ್ಬಿ ಕಾಣಲಿ ಎಂದು ಸುತ್ತ ಫೋಮಿನ ಚೂರು. ಮೇಲೆ ಮೂರು ಮೂರು ಕೆಂಪು ಗೆರೆ. ಚಹಾದ ನೀರಿನಲ್ಲಿ ಅದ್ದಿ ಒಣಗಿಸಿ ಹಳೆಯ ಬಣ್ಣವನ್ನೂ ಬರಿಸಿದೆ. ಮೇಜಿನ ಮೇಲೆ ಇಟ್ಟು ನೋಡಿ, ಭೇಷ್ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅವಳು ಬೆಟ್ಟಕ್ಕೆ ಬರಲಿ, ಅಲ್ಲಿ ಹೇಗೋ ಅವಳ ಸಾಮಾನನ್ನು ನನ್ನ ಬ್ಯಾಗಿಗೆ ಸೇರಿಸಿದರಾಯಿತು ಎಂಬುದು ನನ್ನ ಲೆಕ್ಕಾಚಾರ.

ಅಕ್ಕನದು ನಾಲ್ಕನೇ ಮಹಡಿಯ ಮನೆ. ಶನಿವಾರ ಬೆಳಿಗ್ಗೆ ಗಂಟುಗಳನ್ನು ನಾನೇ ಬ್ಯಾಗಿಗೆ ಇಳಿಸಿದೆ, ಭಾರ ಬೆನ್ನಿಗೆ ತಾಗಿಕೊಂಡಿರುವಂತೆ. ಮೊದಲು ಸೊಂಟದ ಪಟ್ಟಿ ಬಿಗಿದೆ, ಆಮೇಲೆ ಭುಜದ್ದು. ಕೆಳಗಿನಿಂದ ಮೇಲಿನವರೆಗೆ ಒಂದು ಸುತ್ತು ಹತ್ತಿದಳು. ಎರಡನೆಯ ಸುತ್ತಿಗೆ ಏದುಸಿರು ಬಂತು, ನಿಲ್ಲಲಿಲ್ಲ. ಮೂರನೆಯ ಸುತ್ತು ಮುಗಿಸಿ ಬಾಗಿಲಿಗೆ ಬಂದವಳ ಮುಖ ಕೆಂಪಾಗಿ, ಕಣ್ಣು ಹೊಳೆಯುತ್ತಿತ್ತು. "ಕತ್ತರೀ! ಆಗುತ್ತೆ ಕಣೇ! ಒಂಬತ್ತು ಕಿಲೋ ಆಗುತ್ತೆ!" ಎಂದು ಹುಡುಗಿಯಂತೆ ಕೂಗಿ, ನನ್ನ ಕೆನ್ನೆ ಹಿಡಿದು ಅಲ್ಲಾಡಿಸಿದಳು. ಅವಳನ್ನು ಹಾಗೆ ನೋಡಿ ಎಷ್ಟು ಕಾಲವಾಗಿತ್ತು. ನಾನು ಮಾಡಿದ್ದು ಸರಿಯೇ ಅನ್ನಿಸಿತು.

ನಾನು ನೀರು ತರಲು ಒಳಗೆ ಹೋದೆ. ಲೋಟ ಹಿಡಿದು ಬರುವಷ್ಟರಲ್ಲಿ ಅಕ್ಕ ನೆಲದ ಮೇಲೆ ಕೂತು ಬ್ಯಾಗಿನಿಂದ ಗಂಟುಗಳನ್ನು ತೆಗೆದಿಟ್ಟಿದ್ದಳು. ಒಂದನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದಳು.

"ಇದು ಯಾರು ಹೊಲಿದದ್ದು?"

"ನೀನೇ ಅಲ್ವೇನೇ ಹೊಲಿದದ್ದು. ಮರೆತುಹೋಯ್ತಾ?"

"ಗೆರೆ ಕೊನೇಲಿ ಎರಡೆರಡು ಸಲ ಹಿಂದಕ್ಕೆ ಹೊಲಿಯೋಳು ಈ ಭೂಮಿ ಮೇಲೆ ಒಬ್ಬಳೇ ಇರೋದು. ಎಷ್ಟು ಸಲ ಬೈದಿದೀನಿ ನಿನಗೆ, ದಂಡಕ್ಕೆ ದಾರ ಹಾಳು ಮಾಡ್ಬೇಡ ಅಂತ." ಗಂಟನ್ನು ಅಂಗೈಯಲ್ಲಿ ತೂಗಿದಳು. "ಎಷ್ಟಿದೆ ಇದರಲ್ಲಿ?"

ಕಾರ್ಖಾನೆಗೆಲ್ಲ ಹೊಲಿಗೆ ಕಲಿಸಿದವಳ ಮುಂದೆ ಸೂಜಿಯಲ್ಲಿ ಸುಳ್ಳು ಹೇಳಲು ಹೊರಟಿದ್ದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

"ಎರಡು," ಎಂದೆ.

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು. ಗಂಟನ್ನು ಮೆಲ್ಲಗೆ ನೆಲಕ್ಕಿಟ್ಟಳು. "ಡಾಕ್ಟರು ನನ್ನ ಮುಂದೆ ಒಂದು ಹೇಳ್ತಾರೆ, ಮಗಳನ್ನ ಹೊರಗೆ ಕರೆದು ಇನ್ನೊಂದು ಹೇಳ್ತಾರೆ. ಅವಳು ಬಂದು ನಗ್ತಾ ಮೂರನೇದು ಹೇಳ್ತಾಳೆ. ಒಂದು ವರ್ಷದಿಂದ ಎಲ್ಲರೂ ನನಗೆ ತೂಕ ಕಮ್ಮಿ ಮಾಡಿನೇ ಕೊಡ್ತಿದೀರಿ. ನನ್ನ ಮೈಗೆ ಏನಾಗುತ್ತೆ, ಏನಾಗಲ್ಲ ಅಂತ ನನಗೇ ಗೊತ್ತಾಗದ ಹಾಗೆ ಮಾಡಿಟ್ಟಿದೀರಿ. ಈ ಮೆಟ್ಟಿಲಾದ್ರೂ ನಿಜ ಹೇಳುತ್ತೆ ಅಂದ್ಕೊಂಡಿದ್ದೆ ಕಣೇ."

ನನಗೆ ದುಃಖ ಒತ್ತರಿಸಿ ಬಂತು. "ನಿನಗೆ ಬೇಜಾರಾಗಬಾರದು ಅಂತ ಮಾಡಿದೆ ಅಕ್ಕ," ಎಂದು ಅಳತೊಡಗಿದೆ.

"ಅಳೋದು ಆಮೇಲೆ. ಹೋಗಿ ನಿಜವಾದ ಗಂಟು ತಗೊಂಡು ಬಾ."

ಎರಡು ಬೀದಿ ಆಚೆಗಿನ ನನ್ನ ಮನೆಗೆ ಮೂಗೊರೆಸಿಕೊಂಡು ಓಡಿದೆ. ಹಳೆಯ ಗಂಟುಗಳನ್ನು ಚೀಲದಲ್ಲಿ ತಂದು ಅವಳ ಮುಂದೆ ಸುರಿದೆ. ಈ ಸಲ ಅವಳೇ ತುಂಬಿಕೊಂಡಳು. ಒಂಬತ್ತು ಕಿಲೋ. ಮೊದಲ ಮಹಡಿ ಹತ್ತಿದಳು. ಎರಡನೆಯ ಮಹಡಿಯಲ್ಲಿ ಕೈ ಗೋಡೆಗೆ ಹೋಯಿತು. ಮೂರನೆಯದಕ್ಕೆ ಬರುವಷ್ಟರಲ್ಲಿ ಎಡಗೈ ಬೆರಳುಗಳು ದಪ್ಪಗಾಗಿದ್ದವು. ನಾನು ಹಿಂದೆಯೇ ಇದ್ದೆ. ಅವಳು ನಿಂತು, ಬಕಲ್ಲು ಬಿಚ್ಚಿ, ಬ್ಯಾಗನ್ನು ತಾನೇ ಇಳಿಸಿ ಮೆಟ್ಟಿಲ ಮೇಲಿಟ್ಟಳು.

"ಆಗಲ್ಲ," ಎಂದಳು.

ಕೈ ಮೇಲೆತ್ತಿಕೊಂಡು ಅಲ್ಲೇ ಕೂತಳು. ಊತ ಇಳಿಯುವವರೆಗೆ ನಾನೂ ಪಕ್ಕದಲ್ಲಿ ಕೂತೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಗೆರೆಯ ಒಂದು ಗಂಟು, ಎರಡು ಗೆರೆಯ ಇನ್ನೊಂದು, ಹೀಗೆ ಇಳಿಸುತ್ತ, ಏರಿಸುತ್ತ ನೋಡಿದಳು. ಭಾನುವಾರವೂ ನೋಡಿದಳು. ಏಳಕ್ಕೆ ಬೆರಳು ಊದಿತು. ಆರಕ್ಕೆ ಊದಲಿಲ್ಲ. ಬ್ಯಾಗು ಚೆನ್ನಾಗಿಯೇ ಇತ್ತು, ಪಟ್ಟಿ ಗಾಯವನ್ನು ಒಮ್ಮೆಯೂ ಮುಟ್ಟಲಿಲ್ಲ.

"ಆರೇ ಅಲ್ವಾ ನಾನೂ ಇಟ್ಟಿದ್ದು?" ಎಂದೆ. ಬಾಯಿ ಸುಮ್ಮನಿರಬೇಕಲ್ಲ.

"ತೂಕ ಸರಿಯಾಗೇ ಇತ್ತು. ಗೆರೆ ಸುಳ್ಳು," ಎಂದು ನನ್ನ ತಲೆಗೊಂದು ಮೊಟಕಿದಳು.

ಆಮೇಲೆ ಫೋನು ತೆಗೆದು, ನಮ್ಮಲ್ಲೆಲ್ಲ ಹಿರಿಯಳಾದ ಬಕಲಜ್ಜಿಗೆ ಹಚ್ಚಿದಳು. ಬಕಲ್ಲು ಕೂರಿಸುವ ಕೆಲಸ ಮಾಡುತ್ತಿದ್ದವಳು ಅವಳು, ಈಗ ಎಪ್ಪತ್ತೊಂದು. ಮೇಸ್ತ್ರಿ ಹೋದ ಮೇಲೆ ಅವನ ಕಟ್ಟಳೆ ಕಾಯುವವಳು ಅವಳೇ. ಅಕ್ಕ ಸುತ್ತುಬಳಸಲಿಲ್ಲ. "ಅಜ್ಜಿ, ನನ್ನಿಂದ ಆರು ಕಿಲೋ ಆಗುತ್ತೆ. ಒಂಬತ್ತು ಆಗಲ್ಲ. ಡೇರೆ ಕಂಬ, ಪಾತ್ರೆ ಬೇರೆಯವರು ಹೊರಬೇಕಾಗುತ್ತೆ. ಬರಲಾ, ಬೇಡ್ವಾ, ಹೇಳಿಬಿಡಿ."

ಅಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆಮೇಲೆ ಅಜ್ಜಿಯ ದನಿ ನನಗೂ ಕೇಳುವಷ್ಟು ಜೋರಾಗಿ ಬಂತು.

"ಆರು ಹೊರ್ತೀಯಾ? ಪುಣ್ಯಾತ್ಗಿತ್ತಿ! ನಾನು ಮೂರು ವರ್ಷದಿಂದ ಐದೇ ಹೊರ್ತಿರೋದು. ಬ್ಯಾಗು ಉಬ್ಬಿ ಕಾಣ್ಲಿ ಅಂತ ಒಂದು ದಿಂಬು ತುರುಕ್ತೀನಿ. ಯಾರಿಗೂ ಹೇಳ್ಬೇಡ."

ಅಕ್ಕ ನನ್ನನ್ನು ನೋಡಿದಳು, ನಾನು ಅಕ್ಕನನ್ನು ನೋಡಿದೆ. ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಿದ್ದೆವು. ಆ ಅಜ್ಜಿಯನ್ನು ನೋಡಿಯೇ ನಾವೆಲ್ಲ ಹಲ್ಲು ಕಚ್ಚಿ ಒಂಬತ್ತು ಹೊತ್ತಿದ್ದೆವು.

ಹೊರಡುವ ದಿನ ಅಕ್ಕನ ಮಗಳು ಬಸ್ಸಿನವರೆಗೂ ಬಂದಳು. ಅವಳಿಗೆ ನನ್ನ ಮೇಲೆ ಇನ್ನೂ ಕೋಪವಿತ್ತು. ಅಮ್ಮನ ಸೊಂಟದ ಪಟ್ಟಿಯನ್ನು ಮಾತ್ರ ತಾನೇ ಬಿಗಿದು, ಎರಡು ಸಲ ಎಳೆದು ನೋಡಿದಳು.

ಬೆಟ್ಟದ ಬುಡ ಬಿಟ್ಟು ಒಂದೂವರೆ ತಾಸು ನಡೆದಿದ್ದೆವು. ಉಳಿದವರು ಹರಟುತ್ತ ಮುಂದೆ ಹೋಗಿದ್ದರು, ಅವರ ಬ್ಯಾಗುಗಳು ತಿರುವಿನಲ್ಲಿ ಒಂದೊಂದಾಗಿ ಮರೆಯಾದವು. ಅಕ್ಕ ಒಂದು ಚಪ್ಪಟೆ ಕಲ್ಲಿನ ಮೇಲೆ ಕೂತಳು. ನಾನು ಅವಳ ಎಡಗೈ ಹಿಡಿದು ಬೆರಳುಗಳನ್ನು ನೋಡಿದೆ. ಊದಿರಲಿಲ್ಲ. ಕೆಳಗೆ ನಾವು ಬಂದ ದಾರಿ ಉದ್ದಕ್ಕೂ ಬಿಸಿಲಿನಲ್ಲಿ ಕಾಣುತ್ತಿತ್ತು.

"ಮುಂದಿನ ತಿಂಗಳು ಆಸ್ಪತ್ರೇಲಿ ಮತ್ತೆ ಪರೀಕ್ಷೆ ಇದೆ," ಎಂದಳು ಅಕ್ಕ, ದಾರಿಯನ್ನೇ ನೋಡುತ್ತ. "ಲೇ ಕತ್ತರಿ. ಮುಂದಿನ ವರ್ಷ ನಾನು ಬರ್ತೀನಾ?"

ಬರದೇ ಏನು, ನನ್ನನ್ನೇ ಮೊದಲು ಹೂತು ಬರ್ತೀಯ ಎಂಬ ಮಾತು ತುಟಿಯವರೆಗೆ ಬಂದಿತ್ತು. ಒಂದು ವರ್ಷದಿಂದ ಅಂಥ ಮಾತುಗಳನ್ನೇ ಆಡಿ ನನ್ನ ನಾಲಿಗೆಗೆ ಅಭ್ಯಾಸವಾಗಿಹೋಗಿತ್ತು. ನುಂಗಿಕೊಂಡೆ.

"ಗೊತ್ತಿಲ್ಲ ಅಕ್ಕ," ಎಂದೆ.

ಅವಳು ತಿರುಗಿ ನನ್ನ ಮುಖ ನೋಡಿದಳು. ಆಪರೇಷನ್ನಿನ ದಿನ ಅಳದವಳು, ಕೂದಲು ಕೈಗೆ ಕಿತ್ತುಬಂದಾಗ ಅಳದವಳು, ಆ ಕಲ್ಲಿನ ಮೇಲೆ ಕೂತು ನನ್ನ ಭುಜಕ್ಕೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

"ನನಗೂ ಗೊತ್ತಿಲ್ಲ ಕಣೇ," ಎಂದಳು. "ಗೊತ್ತಿಲ್ಲ ಅಂತ ಹೇಳ್ಕೊಳ್ಳೋಕೂ ಒಬ್ಬರು ಇರ್ಲಿಲ್ಲ."